ಮಟಕಾ ದಿನಕ್ಕೊಮ್ಮೆ, ಸ್ಲಾಟ್ ಆರು ಸೆಕೆಂಡಿಗೊಮ್ಮೆ: ತಿರುಗುವ ಚಕ್ರದ ಒಳಗೆ ಏನಿದೆ?

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಪಾಸ್ ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ದುಡ್ಡು ಹಚ್ಚಿ ಆಡುವ ಆನ್‌ಲೈನ್ ಆಟಗಳೆಲ್ಲ ಬಂದ್ ಎಂದು ಸುದ್ದಿಯಾಯಿತು. ಭಾರತ ಕ್ರಿಕೆಟ್ ತಂಡದ ಅಂಗಿ ಮೇಲೆ ಹೆಸರಿದ್ದ ಡ್ರೀಮ್11 ಕೂಡ ದುಡ್ಡಿನ ಆಟ ನಿಲ್ಲಿಸಿತು. ಇದಾಗಿ ಒಂದೇ ತಿಂಗಳಿಗೆ ಇನ್ನೊಂದು ಸುದ್ದಿ ಬಂತು: ಸೆಪ್ಟೆಂಬರ್ 22ರಿಂದ ಕ್ಯಾಸಿನೊ, ಲಾಟರಿ, ಆನ್‌ಲೈನ್ ದುಡ್ಡಿನ ಆಟಗಳಿಗೆ ಶೇ 40 ಜಿಎಸ್‌ಟಿ. ನಿಷೇಧ ಮಾಡಿದ್ದಕ್ಕೆ ತೆರಿಗೆ ಯಾಕೆ? ಇಲ್ಲಿ ತಪ್ಪಾದದ್ದು ಗೋವಾದಲ್ಲಿ ಹೇಗೆ ಸರಿ? ಎಲ್ಲ ಬಂದ್ ಆಗಿದ್ದರೆ, ಚೆರ್ರಿ ಹಣ್ಣು, ಗಂಟೆ, ಕೆಂಪು 7 ತಿರುಗುವ ಸ್ಲಾಟ್ ಆಟ ಇನ್ನೂ ಫೋನಿಗೆ ಯಾಕೆ ಬರುತ್ತಿದೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಈ ಗೊಂದಲ ಇನ್ನೂ ಜಾಸ್ತಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಬೀದರ್ ದಾಟಿ ಮಹಾರಾಷ್ಟ್ರಕ್ಕೆ ಹೋದರೆ ಅಲ್ಲಿ ಸರ್ಕಾರದ್ದೇ ಲಾಟರಿ ಇದೆ. ಇನ್ನೊಂದು ಕಡೆ ತೆಲಂಗಾಣಕ್ಕೆ ಹೋದರೆ, ಅಲ್ಲಿ 2017ರಲ್ಲೇ ಆನ್‌ಲೈನ್ ರಮ್ಮಿಯನ್ನೂ ಸೇರಿಸಿ ನಿಷೇಧ ಹಾಕಿದ್ದಾರೆ. ಒಂದು ಗಂಟೆ ಬಸ್ಸಿನಲ್ಲಿ ಕೂತರೆ ಕಾನೂನು ಬದಲಾಗುತ್ತದೆ. ಫೋನಿಗೆ ಮಾತ್ರ ಗಡಿ ಇಲ್ಲ.

ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಸಾಕಷ್ಟು ಆಗಿದೆ. ಆ ಸ್ಲಾಟ್ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಸೋಲುತ್ತಿದ್ದರೂ ಜನರಿಗೆ ಅದು ಯಾಕೆ ಹಿಡಿಸುತ್ತದೆ ಎಂಬುದರ ಮಾತು ಕಡಿಮೆ. ಅದು ಗೊತ್ತಾಗದೆ ಕಾನೂನಿನ ಜಗಳ ಅರ್ಥವಾಗುವುದು ಕಷ್ಟ.

ಗೊತ್ತಿರುವ ಲೆಕ್ಕದಿಂದ ಶುರು ಮಾಡೋಣ

ಸ್ಲಾಟ್ ಮಷಿನ್ ಅನ್ನು ನಮ್ಮ ಕಡೆ ಕಣ್ಣಾರೆ ಕಂಡವರು ಕಡಿಮೆ. ಮಟಕಾ ಗೊತ್ತಿಲ್ಲದವರು ಯಾರೂ ಇಲ್ಲ. "ಒಂದು ರೂಪಾಯಿಗೆ ಎಂಬತ್ತು ರೂಪಾಯಿ" ಎಂಬ ಕೂಗು ಈ ಮೂರು ಜಿಲ್ಲೆಗಳ ಪೊಲೀಸ್ ಠಾಣೆಗಳ ದೂರುಗಳಲ್ಲಿ ಮತ್ತೆ ಮತ್ತೆ ಬರುವ ಸಾಲು.

ಮಟಕಾ ಹುಟ್ಟಿದ್ದು ಮುಂಬೈಯಲ್ಲಿ. ನ್ಯೂಯಾರ್ಕ್‌ನಿಂದ ಬರುತ್ತಿದ್ದ ಹತ್ತಿಯ ದರದ ಮೇಲೆ ಜನ ದುಡ್ಡು ಹಚ್ಚುತ್ತಿದ್ದರು. ಮಾರುಕಟ್ಟೆ ತೆರೆಯುವಾಗಿನ ದರ ಓಪನ್, ಮುಚ್ಚುವಾಗಿನದು ಕ್ಲೋಸ್. ಓಸಿ ಎಂಬ ಹೆಸರು ಅಲ್ಲಿಂದಲೇ ಬಂತು. 1960ರ ದಶಕದ ಶುರುವಿನಲ್ಲಿ ಆ ದರ ಬರುವುದು ನಿಂತಾಗ, ಚೀಟಿಗಳನ್ನು ಮಡಕೆಗೆ ಹಾಕಿ ಎತ್ತುವುದು ಶುರುವಾಯಿತು. ಮಡಕೆಗೆ ಹಿಂದಿಯಲ್ಲಿ ಮಟಕಾ ಅನ್ನುತ್ತಾರೆ.

ಈಗ ಲೆಕ್ಕ. ಜೋಡಿ ನಂಬರ್ ಅಂದರೆ 00ರಿಂದ 99ರವರೆಗೆ ನೂರು ನಂಬರ್. ನೂರು ಜನ ಒಂದೊಂದು ನಂಬರಿಗೆ ಒಂದೊಂದು ರೂಪಾಯಿ ಹಚ್ಚಿದರು ಅಂತ ಇಟ್ಟುಕೊಳ್ಳಿ. ಸೇರಿದ್ದು ₹100. ಗೆದ್ದವನಿಗೆ ಕೊಡುವುದು ₹80. ಉಳಿದ ₹20 ಆಡಿಸುವವನದು. ಯಾವ ನಂಬರ್ ಬಂದರೂ ಅವನಿಗೆ ₹20 ಉಳಿಯುತ್ತದೆ. ಅವನು ಮೋಸ ಮಾಡಬೇಕಾದ ಅಗತ್ಯವೇ ಇಲ್ಲ. ಕೊಡುವ ದರದಲ್ಲೇ ಅವನ ಪಾಲು ಇದೆ.

ಜೂಜಿನ ಯಾವ ವ್ಯಾಪಾರವನ್ನು ಬಿಚ್ಚಿ ನೋಡಿದರೂ ಒಳಗೆ ಇರುವುದು ಇದೇ ಲೆಕ್ಕ. ಸ್ಲಾಟ್ ಮಷಿನ್ ಕೂಡ ಇದನ್ನೇ ಮಾಡುತ್ತದೆ. ಮಟಕಾದಲ್ಲಿ ಆ ಲೆಕ್ಕ ಬೆರಳಿನಲ್ಲಿ ಎಣಿಸುವಷ್ಟು ಸುಲಭ. ಸ್ಲಾಟ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಗಂಟೆ, ಲಾಳ, ಹಣ್ಣು

1890ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಾರ್ಲ್ಸ್ ಫೇ ಎಂಬ ಮೆಕ್ಯಾನಿಕ್ ಒಂದು ಕಬ್ಬಿಣದ ಪೆಟ್ಟಿಗೆ ಮಾಡಿದ. ಹೆಸರು ಲಿಬರ್ಟಿ ಬೆಲ್. ಒಳಗೆ ಮೂರು ಚಕ್ರ. ಚಕ್ರದ ಮೇಲೆ ಕುದುರೆ ಲಾಳ, ಡೈಮಂಡ್, ಇಸ್ಪೀಟು, ಆಟೀನು ಮತ್ತು ಒಂದು ಗಂಟೆ. 5 ಸೆಂಟ್ ನಾಣ್ಯ ಹಾಕಿ ಬದಿಯ ಹಿಡಿ ಎಳೆದರೆ ಚಕ್ರ ತಿರುಗಿ ನಿಲ್ಲುತ್ತಿತ್ತು. ಮೂರೂ ಗಂಟೆ ಒಂದೇ ಸಾಲಿಗೆ ಬಂದರೆ 50 ಸೆಂಟ್. ನಾಣ್ಯ ತಾನಾಗಿಯೇ ಕೆಳಗೆ ಬೀಳುತ್ತಿತ್ತು. ದುಡ್ಡು ಕೊಡಲು ಮನುಷ್ಯ ಬೇಕಿಲ್ಲ ಎಂಬುದೇ ಆಗ ದೊಡ್ಡ ವಿಷಯವಾಗಿತ್ತು.

ಹಣ್ಣಿನ ಚಿತ್ರಗಳು ಬಂದ ಕಥೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಜೂಜಿನ ಮೇಲೆ ಕಾನೂನು ಬಿಗಿಯಾದಾಗ, ಕೆಲವು ಯಂತ್ರಗಳು ದುಡ್ಡಿನ ಬದಲು ಚ್ಯೂಯಿಂಗ್ ಗಮ್ ಕೊಡಲು ಶುರು ಮಾಡಿದವು. ಯಾವ ಹಣ್ಣಿನ ರುಚಿಯ ಗಮ್ ಎಂದು ತೋರಿಸಲು ಚಕ್ರದ ಮೇಲೆ ಆ ಹಣ್ಣಿನ ಚಿತ್ರ ಹಾಕಿದರು. ಈಗಲೂ ಕಾಣುವ ಬಾರ್ ಎಂಬ ಗುರುತು ಒಂದು ಗಮ್ ಕಂಪನಿಯ ಲೇಬಲ್‌ನಿಂದ ಬಂದದ್ದು. "ಇದು ಜೂಜಲ್ಲ, ಗಮ್ ಮಾರುವ ಯಂತ್ರ" ಎಂದು ಹೇಳಿಕೊಳ್ಳಲು ಅಷ್ಟು ಸಾಕಾಗಿತ್ತು.

ಕಣ್ಣಿಗೆ ಕಾಣುವ ಚಕ್ರ ಬೇರೆ, ಲೆಕ್ಕದ ಚಕ್ರ ಬೇರೆ

ಹಳೆಯ ಯಂತ್ರದಲ್ಲಿ ಒಂದು ಮಟ್ಟಿಗೆ ಪ್ರಾಮಾಣಿಕತೆ ಇತ್ತು. ಚಕ್ರದಲ್ಲಿ ಹತ್ತು ಜಾಗ, ಅದರಲ್ಲಿ ಒಂದೇ ಗಂಟೆ ಇದ್ದರೆ, ಒಂದು ಚಕ್ರದಲ್ಲಿ ಗಂಟೆ ಬರುವುದು ಹತ್ತಕ್ಕೊಂದು ಸಲ. ಮೂರೂ ಚಕ್ರದಲ್ಲಿ ಬರುವುದು ಸಾವಿರಕ್ಕೊಂದು ಸಲ. ಚಕ್ರ ನೋಡಿದವನು ಕೂತು ಎಣಿಸಬಹುದಿತ್ತು.

ಕಂಪ್ಯೂಟರ್ ಬಂದ ಮೇಲೆ ಇದು ಬದಲಾಯಿತು. ಇಂದಿನ ಯಂತ್ರದಲ್ಲಾಗಲಿ ಮೊಬೈಲ್ ಆಟದಲ್ಲಾಗಲಿ ಫಲಿತಾಂಶ ನಿರ್ಧಾರ ಮಾಡುವುದು ಚಕ್ರವಲ್ಲ. ಒಳಗೆ ಒಂದು ಪ್ರೋಗ್ರಾಂ ಎಡೆಬಿಡದೆ ಅಂಕಿಗಳನ್ನು ಹುಟ್ಟಿಸುತ್ತಾ ಇರುತ್ತದೆ. ನೀವು ಬಟನ್ ಒತ್ತಿದ ಕ್ಷಣಕ್ಕೆ ಯಾವ ಅಂಕಿ ಸಿಕ್ಕಿತೋ ಅದೇ ನಿಮ್ಮ ಫಲ. ಚಕ್ರ ತಿರುಗಲು ಶುರುವಾಗುವ ಮೊದಲೇ ಸೋಲು ಗೆಲುವು ಮುಗಿದಿರುತ್ತದೆ. ಆಮೇಲೆ ಕಾಣುವ ತಿರುಗಾಟ, ಒಂದೊಂದಾಗಿ ನಿಲ್ಲುವುದು, ಕೊನೆಯ ಚಕ್ರ ಸ್ವಲ್ಪ ತಡವಾಗಿ ನಿಲ್ಲುವುದು, ಇವೆಲ್ಲ ಬರೀ ಚಿತ್ರ.

1984ರಲ್ಲಿ ಇಂಗೆ ಟೆಲ್ನೇಸ್ ಎಂಬ ಎಂಜಿನಿಯರ್‌ಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಆಧುನಿಕ ಸ್ಲಾಟ್ ಮಷಿನ್ ವ್ಯಾಪಾರ ನಿಂತಿರುವುದೇ ಅದರ ಮೇಲೆ ಎಂದರೆ ತಪ್ಪಾಗದು. ಕಣ್ಣಿಗೆ ಕಾಣುವ ಚಕ್ರದಲ್ಲಿ 22 ಜಾಗ ಇದೆ ಎಂದುಕೊಳ್ಳಿ. ಒಳಗಿನ ಲೆಕ್ಕದ ಚಕ್ರದಲ್ಲಿ 64 ಜಾಗ. ಜಾಕ್‌ಪಾಟ್ ಗುರುತಿಗೆ ಆ 64ರಲ್ಲಿ ಒಂದೇ ಜಾಗ ಕೊಡುತ್ತಾರೆ. ಕೆಲವು ಖಾಲಿ ಜಾಗಗಳಿಗೆ ತಲಾ ಐದೋ ಆರೋ ಕೊಡುತ್ತಾರೆ. ಕಣ್ಣಿನ ಲೆಕ್ಕದಲ್ಲಿ ಮೂರು ಜಾಕ್‌ಪಾಟ್ ಒಟ್ಟಿಗೆ ಬರುವುದು 10,648ಕ್ಕೆ ಒಂದು ಸಲ. ನಿಜವಾದ ಲೆಕ್ಕದಲ್ಲಿ 2,62,144ಕ್ಕೆ ಒಂದು ಸಲ. ಸುಮಾರು 25 ಪಟ್ಟು ಕಷ್ಟ. ಕಣ್ಣಿಗೆ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ.

ಈ ಉಪಾಯಕ್ಕೆ ಇನ್ನೊಂದು ಮುಖವೂ ಇದೆ. ಜಾಕ್‌ಪಾಟ್ ಗುರುತಿನ ಸರಿಯಾಗಿ ಮೇಲೆ ಮತ್ತು ಕೆಳಗೆ ಇರುವ ಖಾಲಿ ಜಾಗಗಳಿಗೆ ಜಾಸ್ತಿ ಅಂಕಿ ಕೊಟ್ಟರೆ ಏನಾಗುತ್ತದೆ? ಜಾಕ್‌ಪಾಟ್ ಗೆರೆಯ ಹತ್ತಿರ ಬಂದು ಒಂದು ಬೆರಳು ಮೇಲೆಯೋ ಕೆಳಗೆಯೋ ನಿಲ್ಲುವುದು ಪದೇ ಪದೇ ಆಗುತ್ತದೆ. ಆಡುವವನಿಗೆ "ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು" ಅನ್ನಿಸುತ್ತದೆ. ತಪ್ಪಿದ್ದು ಸ್ವಲ್ಪದರಲ್ಲಿ ಅಲ್ಲ. ಹಾಗೆ ಕಾಣುವಂತೆ ಮೊದಲೇ ಕೂಡಿಸಿಟ್ಟದ್ದು.

"ಬಹಳ ಹೊತ್ತಿನಿಂದ ಕೊಟ್ಟಿಲ್ಲ, ಈಗ ಕೊಟ್ಟೇ ಕೊಡುತ್ತದೆ" ಎಂಬ ನಂಬಿಕೆಗೂ ಇಲ್ಲಿ ಜಾಗವಿಲ್ಲ. ಪ್ರತಿ ಸುತ್ತೂ ಹೊಸದು. ಹಿಂದಿನ ನೂರು ಸೋಲು ಯಂತ್ರಕ್ಕೆ ನೆನಪಿರುವುದಿಲ್ಲ. ನೆನಪಿರುವುದು ಆಡುವವನಿಗೆ ಮಾತ್ರ.

ನೂರಕ್ಕೆ 95 ವಾಪಸ್ ಅಂದರೆ ಲಾಭ ಅಲ್ವಾ?

ಸ್ಲಾಟ್ ಆಟಗಳ ಜಾಹೀರಾತಿನಲ್ಲಿ ಒಂದು ಅಂಕಿ ಬರುತ್ತದೆ: ಶೇ 95 ವಾಪಸ್, ಶೇ 96 ವಾಪಸ್. ಅಮೆರಿಕದ ನೆವಾಡಾ ರಾಜ್ಯದಲ್ಲಿ ಯಂತ್ರ ಕನಿಷ್ಠ ಶೇ 75ರಷ್ಟಾದರೂ ವಾಪಸ್ ಕೊಡಬೇಕೆಂದು ನಿಯಮವೇ ಇದೆ. ಮಟಕಾ ವಾಪಸ್ ಕೊಡುವುದು ನೂರಕ್ಕೆ 80. ಹಾಗಾದರೆ ಸ್ಲಾಟೇ ಮೇಲು ಅನ್ನಿಸುವುದು ಸಹಜ. ಜನ ಎಡವುವುದು ಇಲ್ಲೇ.

ಒಬ್ಬ ದಿನಕ್ಕೆ ₹10 ಮಟಕಾಗೆ ಹಚ್ಚುತ್ತಾನೆ. ಸರಾಸರಿ ಲೆಕ್ಕದಲ್ಲಿ ಅವನು ಕಳೆದುಕೊಳ್ಳುವುದು ದಿನಕ್ಕೆ ₹2, ತಿಂಗಳಿಗೆ ₹60. ಇನ್ನೊಬ್ಬ ಸ್ಲಾಟ್ ಆಡುತ್ತಾನೆ. ಒಂದು ಸುತ್ತಿಗೆ ಅದೇ ₹10. ಸುತ್ತಿಗೆ ಆರು ಸೆಕೆಂಡ್ ಹಿಡಿದರೂ ಗಂಟೆಗೆ 600 ಸುತ್ತು. ಅಂದರೆ ₹6,000 ಪಣಕ್ಕೆ ಬಿತ್ತು. ಅದರ ಶೇ 5 ಅಂದರೆ ₹300. ಮಟಕಾದಲ್ಲಿ ಐದು ತಿಂಗಳಿಗೆ ಹೋಗುವ ದುಡ್ಡು ಇಲ್ಲಿ ಒಂದೇ ಗಂಟೆಗೆ ಹೋಯಿತು. ನೂರಕ್ಕೆ 95 ವಾಪಸ್ ಕೊಡುವ "ಒಳ್ಳೆಯ" ಯಂತ್ರದಲ್ಲೇ ಹೀಗೆ.

ಮಟಕಾ ಸಣ್ಣ ಕೆಡುಕು ಎಂದು ಇದರ ಅರ್ಥವಲ್ಲ. ಅದು ಮುಳುಗಿಸಿದ ಮನೆಗಳು ಈ ಮೂರು ಜಿಲ್ಲೆಯ ಊರೂರಲ್ಲೂ ಇವೆ. ಆದರೆ ಮಟಕಾ ಬರೆಸಿದವನು ನಂಬರ್ ಬರುವವರೆಗೆ ಕಾಯಬೇಕು. ಆ ನಡುವೆ ಹೊಲಕ್ಕೆ ಹೋಗುತ್ತಾನೆ, ಊಟ ಮಾಡುತ್ತಾನೆ, ಮನೆಯವರ ಮುಖ ನೋಡುತ್ತಾನೆ. ಸ್ಲಾಟ್‌ನಲ್ಲಿ ಆ ಬಿಡುವೇ ಇಲ್ಲ.

ಇನ್ನೂ ಒಂದು ವಿಷಯ. ಶೇ 95 ವಾಪಸ್ ಅಂದರೆ ₹1,000 ತಂದವನು ₹950 ಹಿಡಿದು ಮನೆಗೆ ಹೋಗುತ್ತಾನೆ ಎಂದಲ್ಲ. ಬಂದ ₹950ನ್ನು ಅವನು ಮತ್ತೆ ಹಚ್ಚುತ್ತಾನೆ. ಆಗ ₹902 ಆಗುತ್ತದೆ. ಮತ್ತೆ ಹಚ್ಚಿದರೆ ₹857. ಹೀಗೆ 14 ಸಲ ಆ ದುಡ್ಡು ಓಡಾಡುವಷ್ಟರಲ್ಲಿ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ. ನಡುನಡುವೆ ಗೆಲ್ಲುತ್ತಲೇ ಇರುವುದರಿಂದ ಕರಗುವುದು ಗಮನಕ್ಕೆ ಬರುವುದಿಲ್ಲ. ಇದು ಸರಾಸರಿ ಮಾತ್ರ. ಒಂದು ರಾತ್ರಿ ಒಬ್ಬ ₹20,000 ಗೆದ್ದು ಏಳಬಹುದು. ಊರಲ್ಲಿ ಸುದ್ದಿಯಾಗುವುದು ಅವನೇ. ಸೋತವರು ಯಾರಿಗೂ ಹೇಳುವುದಿಲ್ಲ.

ಸೋಲುತ್ತಿದ್ದರೂ ಖುಷಿ ಯಾಕೆ?

"ದುರಾಸೆ" ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಈ ವಿಷಯದಲ್ಲಿ ಅದು ಪೂರ್ತಿ ನಿಜವಲ್ಲ. ಆಡುವವರನ್ನು ಬೈಯುವ ಮೊದಲು ಇದನ್ನು ತಿಳಿಯುವುದು ಅವರಿಗೂ ಒಳ್ಳೆಯದು, ಮನೆಯವರಿಗೂ ಒಳ್ಳೆಯದು.

ಅಮೆರಿಕದ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿ ಒತ್ತಿದರೆ ಕಾಳು ಬೀಳುತ್ತದೆ. ಇಷ್ಟು ಸಲ ಒತ್ತಿದರೆ ಒಮ್ಮೆ ಎಂದು ಲೆಕ್ಕ ಖಚಿತವಾಗಿದ್ದರೆ, ಕಾಳು ಸಿಕ್ಕ ಮೇಲೆ ಹಕ್ಕಿ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಎಷ್ಟನೆಯ ಸಲಕ್ಕೆ ಬೀಳುತ್ತದೆಂದು ಗೊತ್ತೇ ಆಗದಂತೆ ಇಟ್ಟರೆ ನಿಲ್ಲಿಸದೆ ಒತ್ತುತ್ತಲೇ ಇರುತ್ತದೆ. ಕಾಳು ಬೀಳುವುದು ನಿಂತ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. "ಮುಂದಿನದಕ್ಕೆ ಬರಬಹುದು" ಎಂಬುದು ಯಾವಾಗಲೂ ಬಾಕಿ ಇರುತ್ತದೆ. ಸ್ಲಾಟ್ ಮಷಿನ್ ನಡೆಯುವುದು ಇದೇ ನಿಯಮದ ಮೇಲೆ. ಸ್ಕಿನ್ನರ್ ಸ್ವತಃ ಇದನ್ನು ಜೂಜಿಗೆ ಹೋಲಿಸಿದ್ದರು.

ಮೆದುಳಿನ ಒಳಗೆ ನೋಡಿದರೆ ವಿಷಯ ಇನ್ನೂ ಸ್ಪಷ್ಟ. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿಯ ತಂಡ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಕೋಶಗಳನ್ನು ಗಮನಿಸಿತು. ರಸ ಸಿಗುತ್ತದೆ ಎಂಬ ಸೂಚನೆಯನ್ನು ಕೋತಿ ಕಲಿತ ಮೇಲೆ, ಕೋಶಗಳು ಚುರುಕಾಗುವುದು ರಸ ಕುಡಿಯುವಾಗ ಅಲ್ಲ, ಸೂಚನೆ ಕಂಡಾಗ. 2003ರಲ್ಲಿ ಅವರು ಇನ್ನೊಂದು ಫಲಿತಾಂಶ ಪ್ರಕಟಿಸಿದರು. ಸಿಗುವುದೋ ಇಲ್ಲವೋ ಅರ್ಧಕ್ಕರ್ಧ ಎಂದಿರುವಾಗ, ಕಾಯುವ ಹೊತ್ತಿನಲ್ಲಿ ಈ ಕೋಶಗಳ ಚಟುವಟಿಕೆ ಏರುತ್ತಾ ಹೋಗುತ್ತದೆ. ಅಂದರೆ ಸೆಳೆತದ ದೊಡ್ಡ ಪಾಲು ಗೆಲುವಿನಲ್ಲಿ ಅಲ್ಲ, ಚಕ್ರ ತಿರುಗುತ್ತಿರುವ ಆ ಎರಡು ಮೂರು ಸೆಕೆಂಡಿನಲ್ಲಿ ಇರಬಹುದು. ಕೊನೆಯ ಚಕ್ರವನ್ನು ತಡವಾಗಿ ನಿಲ್ಲಿಸುವುದು ಇದಕ್ಕಾಗಿಯೇ.

ಇದಕ್ಕೆ ವೈದ್ಯರ ಕಡೆಯಿಂದಲೂ ಒಂದು ಪುರಾವೆ ಇದೆ. ಪಾರ್ಕಿನ್ಸನ್ ಕಾಯಿಲೆಗೆ ಡೋಪಮೈನ್‌ನಂತೆ ಕೆಲಸ ಮಾಡುವ ಕೆಲವು ಮಾತ್ರೆಗಳಿವೆ. ಜೀವನದಲ್ಲಿ ಜೂಜಾಡದ ಕೆಲವು ರೋಗಿಗಳಿಗೆ ಆ ಮಾತ್ರೆ ಶುರುವಾದ ಮೇಲೆ ಜೂಜಿನ ಹುಚ್ಚು ಹಿಡಿದದ್ದು, ಮಾತ್ರೆ ಕಡಿಮೆ ಮಾಡಿದಾಗ ಬಿಟ್ಟದ್ದು ದಾಖಲಾಗಿದೆ. ಒಳ್ಳೆಯ ಮನುಷ್ಯ, ಕೆಟ್ಟ ಮನುಷ್ಯ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಈಗ ಆ "ಸ್ವಲ್ಪದರಲ್ಲಿ ತಪ್ಪಿತು" ಎಂಬುದಕ್ಕೆ ಬರೋಣ. ಶರಣಬಸವೇಶ್ವರ ಜಾತ್ರೆಯಲ್ಲೋ ಮೈಲಾಪುರ ಜಾತ್ರೆಯಲ್ಲೋ ಹುಡುಗನೊಬ್ಬ ರಿಂಗ್ ಎಸೆಯುತ್ತಾನೆ ಎಂದುಕೊಳ್ಳಿ. ರಿಂಗ್ ಸೋಪಿನ ಡಬ್ಬಿಗೆ ತಾಗಿ ಹೊರಗೆ ಬೀಳುತ್ತದೆ. ಅವನಿಗೆ ಅದರಿಂದ ಒಂದು ಪಾಠ ಸಿಗುತ್ತದೆ: ಇನ್ನು ಸ್ವಲ್ಪ ಮೆಲ್ಲಗೆ ಎಸೆಯಬೇಕು. ಗೋಲಿ ಆಟದಲ್ಲೂ ಹಾಗೆ. ಕೈ ಪಳಗುವ ಆಟಗಳಲ್ಲಿ ಹತ್ತಿರ ಬಂದು ತಪ್ಪುವುದು ನಿಜಕ್ಕೂ ಒಳ್ಳೆಯ ಲಕ್ಷಣ. ಮೆದುಳು ಅದನ್ನು ಅರ್ಧ ಗೆಲುವು ಎಂದು ಬರೆದಿಟ್ಟುಕೊಳ್ಳುತ್ತದೆ, ಬರೆದಿಟ್ಟುಕೊಳ್ಳಲೇಬೇಕು. ಮನುಷ್ಯ ಕಲಿಯುವುದೇ ಹಾಗೆ.

ಸ್ಲಾಟ್ ಮಷಿನ್ ಈ ಒಳ್ಳೆಯ ಗುಣವನ್ನೇ ಬಳಸಿಕೊಳ್ಳುತ್ತದೆ. 2009ರಲ್ಲಿ ಕೇಂಬ್ರಿಡ್ಜ್‌ನ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು ಆಡುವವರ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದರು. ಹತ್ತಿರ ಬಂದು ತಪ್ಪಿದಾಗ ಗೆಲುವಿಗೆ ಸ್ಪಂದಿಸುವ ಭಾಗಗಳೇ ಚುರುಕಾಗುತ್ತಿದ್ದವು. ಆಡಿದವರು "ಬೇಜಾರಾಯಿತು" ಎಂದೇ ಹೇಳಿದರು. ಆದರೆ ಇನ್ನೊಮ್ಮೆ ಆಡುವ ಆಸೆ ಜಾಸ್ತಿಯಾಗಿತ್ತು, ಅದರಲ್ಲೂ ತಮ್ಮ ಕೈಯಾರೆ ಆಯ್ಕೆ ಮಾಡಿದಾಗ. ಮೊಬೈಲ್ ಆಟಗಳಲ್ಲಿ ಚಕ್ರ ನಿಲ್ಲಿಸುವ ಬಟನ್ ಇರುತ್ತದೆ. ಅದರಿಂದ ಫಲ ಬದಲಾಗುವುದಿಲ್ಲ. ತನ್ನ ಕೈಯಲ್ಲೇ ಇದೆ ಎಂಬ ಭಾವನೆ ಮಾತ್ರ ಬರುತ್ತದೆ.

ಸೋಲಿಗೆ ಗೆಲುವಿನ ಬಣ್ಣ ಬಳಿಯುವುದು ಮತ್ತೊಂದು ಉಪಾಯ. ಇಂದಿನ ಆಟದಲ್ಲಿ ಒಂದೇ ಸಲಕ್ಕೆ 20 ಸಾಲಿನ ಮೇಲೆ ದುಡ್ಡು ಹಚ್ಚಬಹುದು. ₹20 ಹಚ್ಚಿ ₹8 ಬಂತು ಅನ್ನಿ. ಹೋದದ್ದು ₹12. ಆದರೆ ಪರದೆಯಲ್ಲಿ ದೀಪ ಮಿನುಗುತ್ತದೆ, ಗಂಟೆ ಬಾರಿಸುತ್ತದೆ, ನಾಣ್ಯ ಸುರಿಯುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದ್ದು ಇದನ್ನೇ: ಇಂಥ ಸೋಲಿಗೂ ದೇಹ ನಿಜವಾದ ಗೆಲುವಿಗೆ ಕೊಡುವಂಥದೇ ಪ್ರತಿಕ್ರಿಯೆ ಕೊಡುತ್ತದೆ.

ಕೊನೆಯದು, ಮತ್ತು ಮನಸ್ಸಿಗೆ ಹೆಚ್ಚು ನಾಟುವಂಥದ್ದು. ವರ್ಷಗಟ್ಟಲೆ ಆಡುವವರಲ್ಲಿ ಎಷ್ಟೋ ಜನ ಗೆಲ್ಲಲು ಆಡುವುದಿಲ್ಲ. ತಲೆಯಲ್ಲಿನ ಗದ್ದಲ ನಿಲ್ಲಲಿ ಎಂದು ಆಡುತ್ತಾರೆ. ಒಂದೇ ತಾಳದಲ್ಲಿ ಬಟನ್ ಒತ್ತುತ್ತಾ ಇದ್ದರೆ ಸಾಲ, ಜಗಳ, ಒಂಟಿತನ ಎಲ್ಲ ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ಯಾದಗಿರಿಯಿಂದ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ, ದಿನವಿಡೀ ಕಲ್ಲು ಮಣ್ಣು ಹೊತ್ತು, ರಾತ್ರಿ ತಗಡಿನ ಶೆಡ್‌ನಲ್ಲಿ ಒಬ್ಬನೇ ಮಲಗುವವನಿಗೆ ಆ ಮರೆವು ಎಷ್ಟು ಬೇಕಾಗಬಹುದು ಎಂದು ಯೋಚಿಸಿ. ತೊಗರಿ ಬಿತ್ತಿದ ರೈತನಿಗೆ ಫಲ ಕಾಣಲು ಐದಾರು ತಿಂಗಳು ಬೇಕು. ಆಮೇಲೂ ಗಂಜ್‌ನಲ್ಲಿ ದರ ಏನಿರುತ್ತದೋ ಗೊತ್ತಿಲ್ಲ. ಆರು ಸೆಕೆಂಡಿಗೆ ಉತ್ತರ ಕೊಡುವ ಪರದೆ ಅಂಥವರನ್ನು ಸೆಳೆದರೆ ಆಶ್ಚರ್ಯವೇನು?

ಕಾನೂನಿನ ಗೋಜಲು

ನಮ್ಮ ಸಂವಿಧಾನದಲ್ಲಿ ಜೂಜು ಮತ್ತು ಬಾಜಿ ರಾಜ್ಯಗಳ ಪಟ್ಟಿಯಲ್ಲಿದೆ. ಅದಕ್ಕೇ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು. ಗೋವಾ 1992ರ ತಿದ್ದುಪಡಿಯಲ್ಲಿ ಪಂಚತಾರಾ ಹೋಟೆಲ್‌ಗಳಿಗೆ ಸ್ಲಾಟ್ ಮಷಿನ್ ಇಡಲು ಅವಕಾಶ ಕೊಟ್ಟಿತು, 1996ರಲ್ಲಿ ಹಡಗಿನ ಕ್ಯಾಸಿನೊಗೂ ಕೊಟ್ಟಿತು. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆ ಇದೆ. ಮಟಕಾ, ಇಸ್ಪೀಟ್ ಅಡ್ಡೆಗಳ ಮೇಲೆ ಕೇಸ್ ಬೀಳುವುದು ಅದರ ಕೆಳಗೆ.

ಕೋರ್ಟ್‌ಗಳು ಬಹಳ ಹಿಂದಿನಿಂದ ಒಂದು ಗೆರೆ ಎಳೆದಿವೆ: ಅದೃಷ್ಟದ ಆಟ ಜೂಜು, ಕೌಶಲದ ಆಟ ಜೂಜಲ್ಲ. ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿತು. ಕರ್ನಾಟಕ ಸರ್ಕಾರ 2021ರಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದಾಗ, ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆ ತಿದ್ದುಪಡಿಯನ್ನು ರದ್ದು ಮಾಡಿದ್ದು ಇದೇ ಗೆರೆಯ ಆಧಾರದ ಮೇಲೆ.

ಸ್ಲಾಟ್ ಮಾತ್ರ ಎಂದೂ ಕೌಶಲದ ಆಟವಾಗಿರಲಿಲ್ಲ. ದುಡ್ಡಿನ ಸ್ಲಾಟ್ ಆ್ಯಪ್ ಕರ್ನಾಟಕದಲ್ಲಿ 2025ಕ್ಕೆ ಮುಂಚೆಯೂ ಕಾನೂನುಬಾಹಿರವೇ. ಹೊಸ ಕೇಂದ್ರ ಕಾಯ್ದೆ ಮಾಡಿದ್ದೇನೆಂದರೆ, ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಪಕ್ಕಕ್ಕೆ ಇಟ್ಟಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟ ಯಾವುದಾದರೂ ನಿಷೇಧ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷದವರೆಗೆ ಜೈಲು, ₹50 ಲಕ್ಷದವರೆಗೆ ದಂಡ. ಹಣ ಸಾಗಿಸಿಕೊಡುವ ಬ್ಯಾಂಕು, ಪಾವತಿ ಕಂಪನಿಗಳೂ ಸಿಕ್ಕಿಬೀಳುತ್ತವೆ. ಆಡುವವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ.

ತೆರಿಗೆಯ ಗೊಂದಲಕ್ಕೆ ಉತ್ತರ ಸರಳ. ತೆರಿಗೆ ಹಾಕಿದ ಮಾತ್ರಕ್ಕೆ ಒಂದು ವ್ಯವಹಾರ ಕಾನೂನುಬದ್ಧ ಆಗುವುದಿಲ್ಲ. ಶೇ 40ರ ದರ ಗೋವಾ, ಸಿಕ್ಕಿಂ ಕ್ಯಾಸಿನೊ, ಲಾಟರಿ, ಕುದುರೆ ರೇಸ್ ಎಲ್ಲಕ್ಕೂ ಸೇರಿಸಿ ಹಾಕಿದ್ದು.

ಯಾರ ವಾದ ಏನು?

ಕೇಂದ್ರ ಸರ್ಕಾರದ ಅಂದಾಜಿನಂತೆ ದೇಶದಲ್ಲಿ ಸುಮಾರು 45 ಕೋಟಿ ಜನ ವರ್ಷಕ್ಕೆ ₹20,000 ಕೋಟಿಯಷ್ಟು ಕಳೆದುಕೊಳ್ಳುತ್ತಿದ್ದರು. ಸಾಲ, ಆತ್ಮಹತ್ಯೆ, ಕಪ್ಪು ಹಣ ಇವೆಲ್ಲ ನಿಷೇಧಕ್ಕೆ ಕೊಟ್ಟ ಕಾರಣಗಳು.

ಕಂಪನಿಗಳ ವಾದ ಬೇರೆ. ಕೌಶಲದ ಆಟ ನಡೆಸುವುದು ನಮ್ಮ ವ್ಯಾಪಾರದ ಹಕ್ಕು, ಜೂಜು ರಾಜ್ಯದ ವಿಷಯವಾದ್ದರಿಂದ ಕೇಂದ್ರಕ್ಕೆ ಅಧಿಕಾರವೇ ಇಲ್ಲ, ನಮ್ಮನ್ನು ಮುಚ್ಚಿಸಿದರೆ ಜನ ವಿದೇಶಿ ಆ್ಯಪ್‌ಗಳಿಗೆ ಹೋಗುತ್ತಾರೆ ಎನ್ನುತ್ತಾರೆ. ಕರ್ನಾಟಕ, ದೆಹಲಿ, ಮಧ್ಯಪ್ರದೇಶ ಹೈಕೋರ್ಟ್‌ಗಳಲ್ಲಿದ್ದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು.

ಮೂರನೆಯ ದಾರಿಯೂ ಇದೆ: ಆಟದ ವಿನ್ಯಾಸಕ್ಕೇ ಕಡಿವಾಣ ಹಾಕುವುದು. ಬ್ರಿಟನ್ 2021ರಲ್ಲಿ ಆನ್‌ಲೈನ್ ಸ್ಲಾಟ್‌ನಲ್ಲಿ ಒಂದು ಸುತ್ತಿಗೆ ಕನಿಷ್ಠ 2.5 ಸೆಕೆಂಡ್ ಇರಬೇಕೆಂದಿತು. ತಾನಾಗಿಯೇ ತಿರುಗುತ್ತಾ ಹೋಗುವ ಸೌಲಭ್ಯ ತೆಗೆಸಿತು. ಹಚ್ಚಿದ್ದಕ್ಕಿಂತ ಕಡಿಮೆ ಬಂದಾಗ ಗೆಲುವಿನ ಸದ್ದು, ಚಿತ್ರ ತೋರಿಸಬಾರದು ಎಂದಿತು. 2025ರಲ್ಲಿ ಸುತ್ತಿಗೆ 5 ಪೌಂಡ್, 25 ವರ್ಷದೊಳಗಿನವರಿಗೆ 2 ಪೌಂಡ್ ಮಿತಿ ತಂದಿತು. ನಾರ್ವೆ 2007ರಲ್ಲಿ ಸ್ಲಾಟ್ ಮಷಿನ್‌ಗಳನ್ನೆಲ್ಲ ತೆಗೆಸಿ, ಆಮೇಲೆ ಸರ್ಕಾರಿ ಕಂಪನಿಯ ನಿಧಾನದ ಯಂತ್ರಗಳನ್ನು ಮಾತ್ರ ಬಿಟ್ಟಿತು. ಅದರಲ್ಲಿ ಆಡಲು ವೈಯಕ್ತಿಕ ಕಾರ್ಡ್ ಬೇಕು, ಕಳೆದುಕೊಳ್ಳುವುದಕ್ಕೂ ಮಿತಿ ಇದೆ.

ಈ ಮೂರರಲ್ಲಿ ಯಂತ್ರವನ್ನು ನಿಜವಾಗಿ ಬಿಚ್ಚಿ ನೋಡಿದ್ದು ಈ ಮೂರನೆಯ ದಾರಿಯೇ. ನಮ್ಮ ಕಾನೂನು ಕೇಳುವುದು ಎರಡೇ ಪ್ರಶ್ನೆ: ಕೌಶಲವೋ ಅದೃಷ್ಟವೋ? ದುಡ್ಡು ಇದೆಯೋ ಇಲ್ಲವೋ? ಎಷ್ಟು ವೇಗ, ಎಷ್ಟು ಸಲ ಹತ್ತಿರ ತಂದು ತಪ್ಪಿಸುತ್ತದೆ, ಸೋಲನ್ನು ಹೇಗೆ ತೋರಿಸುತ್ತದೆ ಎಂದು ಕೇಳುವುದೇ ಇಲ್ಲ. ಹಾನಿ ಹುಟ್ಟುವುದು ಅಲ್ಲಿಯೇ.

ಮುಂದೆ ಏನಾಗಬಹುದು?

ನಿಷೇಧದ ಮೊದಲ ಪರಿಣಾಮ ಒಳ್ಳೆಯದೇ. ಟಿವಿಯಲ್ಲಿ, ಕ್ರಿಕೆಟ್ ನಡುವೆ ಜಾಹೀರಾತು ಕಡಿಮೆಯಾಗುತ್ತದೆ. ಸುಮ್ನೆ ಕುತೂಹಲಕ್ಕೆ ಶುರು ಮಾಡುವವರ ಸಂಖ್ಯೆಯೂ ಇಳಿಯಬೇಕು.

ಎರಡನೆಯದು ಚಿಂತೆಯ ವಿಷಯ. ಬಾಗಿಲು ಹಾಕಿದವರು ವಿಳಾಸ ಇದ್ದ ಕಂಪನಿಗಳು. ಟೆಲಿಗ್ರಾಂ ಲಿಂಕ್‌ನಿಂದ ಬರುವ ಸ್ಲಾಟ್ ಆ್ಯಪ್‌ಗಳಿಗೆ ವಿಳಾಸವೇ ಇಲ್ಲ. ಅಲ್ಲಿ ಶೇ 95 ವಾಪಸ್ ಎಂಬುದನ್ನು ಪರೀಕ್ಷಿಸುವವರಿಲ್ಲ. ಗೆದ್ದರೂ ದುಡ್ಡು ಬಾರದಿದ್ದರೆ ಕೇಳುವವರಿಲ್ಲ. ಅಂಥವರಿಗೆ ಹಣ ಸಾಗಿಸಲು ಬೇರೆಯವರ ಬ್ಯಾಂಕ್ ಖಾತೆ ಬೇಕು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ತಿಂಗಳಿಗೆ ಇಷ್ಟು ಕೊಡುತ್ತೇವೆ ಎಂದು ಕಾಲೇಜು ಹುಡುಗರನ್ನು, ಕೂಲಿಯವರನ್ನು ಹುಡುಕುತ್ತಾರೆ. ಆಮೇಲೆ ಪೊಲೀಸರು ಬಂದು ಕೇಳುವುದು ಖಾತೆ ಯಾರ ಹೆಸರಲ್ಲಿದೆಯೋ ಅವರನ್ನು. ಖಾತೆ ಫ್ರೀಜ್ ಆದರೆ ಕೂಲಿ ದುಡ್ಡೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸ ಕಾಯ್ದೆಯ ಬಿಸಿ ನಮ್ಮ ಊರಿನ ಬಡವರಿಗೆ ಮೊದಲು ತಾಗುವುದಾದರೆ ಈ ಬಾಗಿಲಿನಿಂದ. ಖಾತೆಯನ್ನು ಯಾರಿಗೂ ಬಾಡಿಗೆಗೆ ಕೊಡಬೇಡಿ ಎಂಬ ಮಾತು ಪ್ರತಿ ಊರಿಗೂ ಮುಟ್ಟಬೇಕು.

ಮೂರನೆಯದು ಗಮನಕ್ಕೇ ಬಾರದ್ದು. ಹೊಸ ಕಾಯ್ದೆ ದುಡ್ಡು ಗೆಲ್ಲಲು ಆಗದ ಮನರಂಜನೆಯ ಆಟಗಳಿಗೆ ಅವಕಾಶ ಕೊಡುತ್ತದೆ. ಅದೇ ಚಕ್ರ, ಅದೇ ಚೆರ್ರಿ, ಅದೇ ಗಂಟೆ, ಆದರೆ ಬರುವುದು ಬರೀ ಆಟದ ನಾಣ್ಯ. ನಾಣ್ಯ ಮುಗಿದರೆ ನಿಜವಾದ ದುಡ್ಡಿಗೆ ಕೊಳ್ಳಬಹುದು, ಗೆದ್ದ ನಾಣ್ಯವನ್ನು ಮಾತ್ರ ದುಡ್ಡು ಮಾಡಲಾಗದು. ನೂರು ವರ್ಷದ ಹಿಂದಿನ ಚ್ಯೂಯಿಂಗ್ ಗಮ್ ನೆನಪಾಗುತ್ತದೆ ಅಲ್ವಾ? ಹತ್ತಿರ ತಂದು ತಪ್ಪಿಸುವುದು, ಸೋಲಿಗೆ ಗಂಟೆ ಬಾರಿಸುವುದು ಇದರಲ್ಲೂ ಹಾಗೆಯೇ ಇದೆ. ಹತ್ತು ವರ್ಷದ ಮಗುವಿನ ಕೈಗೂ ಇದು ಸಿಗುತ್ತದೆ.

ಮನೆಯಲ್ಲಿ ಒಬ್ಬರು ಸಿಕ್ಕಿಕೊಂಡಿದ್ದರೆ

ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ. ಹಾಗಾಗಿ ಆಣೆ ಹಾಕಿಸುವುದರಿಂದ, ಬೈಯುವುದರಿಂದ ಬಿಡಿಸುವುದು ಕಷ್ಟ. ಯಂತ್ರದ ಬಲ ಇರುವುದು ವೇಗದಲ್ಲಿ ಎಂದು ನೋಡಿದೆವು. ಆದ್ದರಿಂದ ಮೊದಲು ಮಾಡಬೇಕಾದ್ದು ಆಸೆಗೂ ದುಡ್ಡಿಗೂ ನಡುವೆ ಸಮಯ ತರುವುದು. ಫೋನಿನಿಂದ ಯುಪಿಐ ತೆಗೆಯುವುದು, ಅಥವಾ ಬ್ಯಾಂಕಿಗೆ ಹೇಳಿ ದಿನದ ಮಿತಿ ಇಳಿಸುವುದು. ಸಂಬಳದ ಖಾತೆಯನ್ನು ಸ್ವಲ್ಪ ಕಾಲ ಮನೆಯ ಇನ್ನೊಬ್ಬರು ನೋಡಿಕೊಳ್ಳುವುದು. ಸಾಲ ಕೊಡುವ ಆ್ಯಪ್‌ಗಳನ್ನು ಅಳಿಸುವುದು. ಕಳೆದುಕೊಂಡದ್ದನ್ನು ಆಡಿಯೇ ವಾಪಸ್ ತರುತ್ತೇನೆ ಎಂಬ ಮಾತು ಬಂದರೆ, ಮೇಲಿನ 14 ಸಲದ ಲೆಕ್ಕವನ್ನು ಒಂದು ಹಾಳೆಯಲ್ಲಿ ಒಟ್ಟಿಗೆ ಕೂತು ಬರೆಯಿರಿ.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿನ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕೇಳಬಹುದು. ಹಣ ಮೋಸವಾಗಿ ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ. ಆಸ್ಪತ್ರೆಗೆ ಹೋಗಲು ಸಂಕೋಚವಾದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು, ನಡುರಾತ್ರಿಯಲ್ಲೂ ಎತ್ತುತ್ತಾರೆ. ಈ ಆಟ ಜಾಸ್ತಿ ಕಾಡುವುದೂ ಆ ಹೊತ್ತಿಗೇ.